ಹೆಬ್ಬೆಟ್ಟು ಸೇರಿದರೆ ಡಕಾಯಿತಿ

ಚಾಚಾ ತೀರಿಕೊಂಡ ಹದಿನೈದು ದಿನಕ್ಕೆ ಅವರ ಮಗಳು ಆಟೋದಲ್ಲಿ ಅವರ ಕನ್ನಡ ಟೈಪ್‌ರೈಟರನ್ನು ತಂದು ನನ್ನ ಜೆರಾಕ್ಸ್ ಅಂಗಡಿಯ ಕೌಂಟರಿನ ಮೇಲೆ ಇಟ್ಟಳು. "ಅಬ್ಬಾ ಹೇಳಿದ್ರು ಆಂಟಿ, ಮಿಷನ್ ನಿಮ್ಗೇ ಕೊಡ್ಬೇಕು ಅಂತ" ಎಂದಳು. ಅದರ ರೋಲರಿನಲ್ಲಿ ಒಂದು ಹಾಳೆ ಸಿಕ್ಕಿಸಿದಂತೆಯೇ ಇತ್ತು. ಅವಳು ಹೋದ ಮೇಲೆ ಓದಿದೆ. ಓದಿ, ಮೇಲೊಂದು ಹಳೇ ಟವೆಲು ಮುಚ್ಚಿ, ಒಂದು ವಾರ ಆ ಕಡೆ ತಿರುಗಿ ನೋಡಲಿಲ್ಲ. ನಾನು ಎಂಥವಳು ಎನ್ನುವುದು ಇಷ್ಟರಲ್ಲೇ ಗೊತ್ತಾಗಿರಬೇಕು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರದೇ ಕೋರಿಕೆ. ಜೀವಮಾನವಿಡೀ ಊರಿನವರ ಹೆಸರನ್ನೆಲ್ಲ ಕಾಗದದ ಮೇಲೆ ಹೊಡೆದ ಮನುಷ್ಯ ಕೊನೆಕೊನೆಗೆ ತನ್ನ ಹೆಸರು ರೇಷನ್ ಕಾರ್ಡಿನಲ್ಲಿ ಕಂಡರೂ ಬೆಚ್ಚುತ್ತಿದ್ದರು. ಕಾಗದಕ್ಕೆ ಹತ್ತಿದ ಹೆಸರು ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ ಎನ್ನುತ್ತಿದ್ದರು. ಹಾಗೆ ಕಾಗದಕ್ಕೆ ಹತ್ತಿಕೊಂಡ ಒಬ್ಬ ಮನುಷ್ಯ ಈಗಲೂ ಜೈಲಿನಲ್ಲಿದ್ದಾನೆ. ಅವನನ್ನು ಅಲ್ಲಿಗೆ ಕಳಿಸಿದ್ದು ಚಾಚಾ. ಹೊರಗೆ ತರಲು ಹೆಣಗಿ ಹೆಣಗಿ ಸತ್ತವರೂ ಚಾಚಾ. ಮಧ್ಯದಲ್ಲಿ ನಾನಿದ್ದೆ, ಜೆರಾಕ್ಸ್ ಮಾಡಿಕೊಂಡು.

ಶಿವಾಜಿನಗರದ ಬಸ್‌ಸ್ಟ್ಯಾಂಡಿನಿಂದ ಮಾರ್ಕೆಟ್ಟಿನ ಕಡೆ ನಡೆದರೆ ಬಟ್ಟೆ ಗೋಡೌನುಗಳ ಒಂದು ಗಲ್ಲಿ ಸಿಗುತ್ತದೆ. ಅದರಲ್ಲಿ ನನ್ನ ಅಂಗಡಿ. ಪಕ್ಕದ ಮೆಟ್ಟಿಲಿನ ಕೆಳಗೆ ಚಾಚಾರ ಮೇಜು. ದೂರು, ಅರ್ಜಿ, ಮನವಿ, ಬಾಡಿಗೆ ಕರಾರು, ಪಿಂಚಣಿಯ ಕಾಗದ, ಎಲ್ಲವನ್ನೂ ಅವರೇ ಹೊಡೆದುಕೊಡುತ್ತಿದ್ದರು. ನನ್ನ ಹತ್ತಿರ ಕಂಪ್ಯೂಟರ್ ಇದ್ದರೂ ಜನ ಅವರ ಹತ್ತಿರವೇ ಹೋಗುತ್ತಿದ್ದರು. ನನಗೆ ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಕಾರಣ ಗೊತ್ತಾಯಿತು. ಜನ ಹೇಳಿದ್ದನ್ನು ನಾನು ಟೈಪು ಮಾಡುತ್ತಿದ್ದೆ, ಜನಕ್ಕೆ ಹೇಳಲಾಗದ್ದನ್ನು ಚಾಚಾ ಟೈಪು ಮಾಡುತ್ತಿದ್ದರು.

ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತಮಿಳು, ಮೇಜಿನ ಮುಂದೆ ಮಾತ್ರ ಅಚ್ಚ ಕನ್ನಡ. 'ತಮ್ಮಲ್ಲಿ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ' ಎಂದು ಅವರ ಯಂತ್ರ ಶುರುಮಾಡಿದರೆ ಎದುರಿಗೆ ಕೂತವರು ತಮಗೆ ಅರಿವಿಲ್ಲದೆ ಕೈಮುಗಿಯುತ್ತಿದ್ದರು. ಹೊಡೆದು ಮುಗಿಸಿದ ಮೇಲೆ ಪ್ರತಿ ಸಾಲನ್ನೂ ಆ ಮನುಷ್ಯನ ಭಾಷೆಯಲ್ಲಿ ಓದಿ ಹೇಳಬೇಕು, ಅವನು ಹೂಂ ಎನ್ನಬೇಕು, ಆಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು. ಆ ಮನುಷ್ಯ ಬಾರದೆ ಅವನ ಹೆಸರನ್ನು ಕಾಗದದ ಮೇಲೆ ಹೊಡೆಯುತ್ತಿರಲಿಲ್ಲ. ಗಂಡ ಹೆಂಡತಿಯ ಪರವಾಗಿ ಬಂದರೆ, ಹೆಸರಿನ ಜಾಗ ಬಿಟ್ಟು ಉಳಿದದ್ದನ್ನು ಹೊಡೆದಿಟ್ಟು, 'ಅಮ್ಮನ್ನ ಕರ್ಕೊಂಡ್ ಬಾ' ಎಂದು ಕಳಿಸುತ್ತಿದ್ದರು. ಕೂರುವ ಮುಂಚೆ ಕರ್ಚೀಫಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುವುದು ಇನ್ನೊಂದು ಅಭ್ಯಾಸ. ಕಿರುಬೆರಳಿನಿಂದ ಶುರು, ಹೆಬ್ಬೆರಳು ಕೊನೆಗೆ. ಹೆಬ್ಬೆರಳಿಗೆ ಒಂದು ಅಕ್ಷರವೂ ಇಲ್ಲ, ಅದರ ಪಾಲಿಗೆ ಬರೀ ಖಾಲಿ ಜಾಗ ಎಂದು ಟೈಪ್‌ರೈಟರಿನ ಸ್ಪೇಸ್ ಪಟ್ಟಿ ತೋರಿಸಿ ನಗುತ್ತಿದ್ದರು.

ಕಳ್ಳತನದ ಪದಗಳ ಮೇಲೆ ಅವರಿಗೆ ವಿಚಿತ್ರ ಮೋಹ. ಯಾರಾದರೂ ಬಂದು 'ಡಕಾಯಿತರು ದೋಚ್ಕೊಂಡ್ ಹೋದ್ರು' ಎಂದು ಗೋಳಾಡಿದರೆ ಮೊದಲು ಟೀ ತರಿಸಿ, ಆಮೇಲೆ ಪಾಠ. ಕಣ್ಣು ತಪ್ಪಿಸಿ ಎತ್ತಿದರೆ ಕಳವು. ಹೆದರಿಸಿ ಹೊಡೆದು ಕಿತ್ತುಕೊಂಡರೆ ದರೋಡೆ. ಇಷ್ಟು ಹೇಳಿ ಬಲಗೈ ಎತ್ತಿ, ಹೆಬ್ಬೆರಳು ಮಡಿಸಿ, ನಾಲ್ಕು ಬೆರಳು ತೋರಿಸುತ್ತಿದ್ದರು. ನಾಲ್ಕು ಜನ ಇರುವ ತನಕ ಅದು ದರೋಡೆಯೇ. ಅದನ್ನೇ ಐದು ಜನ ಸೇರಿ ಮಾಡಿದರೆ ಕಾನೂನೇ ಬೇರೆ, ಶಿಕ್ಷೆಯೇ ಬೇರೆ. "ಹೆಬ್ಬೆಟ್ಟು ಸೇರಿದ್ರೆ ಡಕಾಯಿತಿ" ಎಂದು ಹೆಬ್ಬೆರಳನ್ನು ಟಪ್ಪನೆ ಬಿಚ್ಚುತ್ತಿದ್ದರು.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ನಮ್ಮ ಹರಟೆ. ಗಲ್ಲಿಯಲ್ಲಿ ಯಾರು ಯಾರನ್ನು ಡಕಾಯಿತ ಎನ್ನುತ್ತಾರೆ ಎಂದು ಅವರು ಕಿವಿ ಹಾಕಿಕೊಂಡೇ ಇರುತ್ತಿದ್ದರು. ಮೀಟರ್ ಹಾಕದ ಆಟೋದವನನ್ನು ಕಾಲೇಜಿನ ಹುಡುಗಿಯರು ಡಕಾಯಿತ ಎಂದರೆ, ಆಟೋದವನು ಗ್ಯಾರೇಜಿನವನನ್ನು ಡಕಾಯಿತ ಎನ್ನುತ್ತಿದ್ದ. ಮೀನಿನವಳಿಗೆ ಐಸಿನವನು ಡಕಾಯಿತ. ಟಿವಿಯಲ್ಲಿ ಒಂದು ಪಕ್ಷದವರಿಗೆ ಇನ್ನೊಂದು ಪಕ್ಷದವರೆಲ್ಲ ಡಕಾಯಿತರು, ಪಕ್ಷ ಬದಲಾಯಿಸಿದ ದಿನ ಅವರೇ ಅಣ್ಣಂದಿರು. ನಾನೂ ನನ್ನ ಪಾಲು ಸೇರಿಸುತ್ತಿದ್ದೆ. ಕಗ್ಗದಾಸಪುರದಲ್ಲಿ ನಮ್ಮ ರಾಗಿ ಹೊಲದ ಸುತ್ತ ಸೈಟು ಮಾಡಲು ಬಂದವರನ್ನೆಲ್ಲ ನಮ್ಮ ತಾತ ಹಗಲು ದರೋಡೆಕೋರರು ಎಂದು ಬೈಯುತ್ತಿದ್ದ. ನಮ್ಮ ದೊಡ್ಡಪ್ಪನೇ ಆ ಕೆಲಸಕ್ಕೆ ಇಳಿದಾಗ ಮಾತ್ರ 'ಹುಡುಗ ಬಿಸಿನೆಸ್ ಮಾಡ್ತಾವ್ನೆ' ಎಂದ. ಇದನ್ನು ಕೇಳಿ ಚಾಚಾ ಕೆಮ್ಮು ಬರುವಷ್ಟು ನಕ್ಕಿದ್ದರು. ನಿಮ್ಮ ದೇವರನ್ನೇ ಬೆಣ್ಣೆ ಕಳ್ಳ ಎಂದು ಮುದ್ದಾಡುತ್ತೀರಿ, ಆದರೆ ಬೆಣ್ಣೆ ಡಕಾಯಿತ ಎನ್ನುವುದಿಲ್ಲ ನೋಡಿ ಎಂದು ಛೇಡಿಸಿದ್ದರು. ಅವನ ಜೊತೆಯಲ್ಲಿ ಗೆಳೆಯರ ಗುಂಪೇ ಇರುತ್ತಿತ್ತಲ್ಲ, ಲೆಕ್ಕ ಹಾಕಿದರೆ ಡಕಾಯಿತಿಯೇ ಆಗಬೇಕು ಎಂದು ನಾನಂದೆ.

ಹಾಗಂತ ಅವರ ಬಾಯಲ್ಲೂ ಆ ಪದ ಮುದ್ದಿಗೆ ಬರುತ್ತಿತ್ತು. ಎದುರಿನ ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದ ಒಬ್ಬನಿದ್ದ. ಹಲಸೂರಿನ ಕಡೆಯ ತಮಿಳರವನು, ಮೂವತ್ತೈದರ ಆಸುಪಾಸು, ಹೆಂಡತಿ, ಒಬ್ಬಳು ಮಗಳು. ಎಡಗೈಯ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಕಲೆ. ಚಿಕ್ಕವನಿದ್ದಾಗ ಗಂಜಿ ಚೆಲ್ಲಿದ್ದಂತೆ. ಚಾಚಾ ಹತ್ತು ಗಂಟೆಗೆ ಎರಡು ವಡೆ ತರಿಸಿ ಮೇಜಿನ ಮೇಲೆ ಇಟ್ಟರೆ ಇವನು ಮೂಟೆ ಇಳಿಸಿ ಬಂದು ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದ. 'ಆಗಯಾ ಡಾಕೂ' ಎಂದು ಚಾಚಾ ಯಂತ್ರದಿಂದ ಕಣ್ಣೆತ್ತದೆ ಹೇಳುತ್ತಿದ್ದರು. ವಡೆ ಯಾವಾಗಲೂ ಎರಡೇ ತರಿಸುತ್ತಿದ್ದರು, ತಾವು ಒಂದೇ ತಿನ್ನುತ್ತಿದ್ದರು. ಅವನಿಗೆ ರಜೆ ಇದ್ದ ದಿನ ಇನ್ನೊಂದು ವಡೆ ನನ್ನ ಕೌಂಟರಿಗೆ ಬರುತ್ತಿತ್ತು.

ಈಗ ಅವರ ಕಸುಬಿನ ಒಂದು ಪದ್ಧತಿಯನ್ನು ಹೇಳಬೇಕು. ಇದನ್ನು ಚಾಚಾ ಕಂಡುಹಿಡಿದಿದ್ದಲ್ಲ, ಅವರಿಗೆ ಕೆಲಸ ಕಲಿಸಿದವರೂ ಮಾಡುತ್ತಿದ್ದರು. ಬಡವರ ದೂರನ್ನು ಠಾಣೆಯಲ್ಲಿ ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ, ನೋಡೋಣ ಹೋಗಿ ಎನ್ನುತ್ತಾರೆ ಎಂಬುದು ಮೇಜು ಹಾಕಿಕೊಂಡು ಕೂತವರಿಗೆಲ್ಲ ಗೊತ್ತಿತ್ತು. ಅದಕ್ಕೆ ಇವರು ಅರ್ಜಿಗೆ ತೂಕ ಹಾಕುತ್ತಿದ್ದರು. ಇಬ್ಬರು ಬೈದಿದ್ದರೆ ನಾಲ್ವರು ಹೊಡೆದರು ಎಂದು, ನಾಲ್ವರು ಕಿತ್ತುಕೊಂಡಿದ್ದರೆ ಐವರು ಎಂದು. ಐದನೆಯವನು ಯಾವಾಗಲೂ 'ಹೆಸರು ವಿಳಾಸ ತಿಳಿಯದ ಮತ್ತೊಬ್ಬ'. ಐದು ಎಂದರೆ ಡಕಾಯಿತಿ, ಡಕಾಯಿತಿ ಎಂದರೆ ಮೇಲಿನವರು ಕೇಳುತ್ತಾರೆ, ಕೇಳುತ್ತಾರೆ ಎಂದು ಠಾಣೆಯವರು ಓಡಾಡುತ್ತಾರೆ. ಆ ಮತ್ತೊಬ್ಬ ಹೇಗೂ ಇಲ್ಲದವನು. ಇಲ್ಲದವನನ್ನು ಯಾರು ಹಿಡಿಯುತ್ತಾರೆ? ಇಷ್ಟು ವರ್ಷ ಯಾರನ್ನೂ ಹಿಡಿದಿರಲೂ ಇಲ್ಲ.

ಬಾಣಸವಾಡಿಯಿಂದ ಒಬ್ಬ ಹೆಂಗಸು ಬಂದಳು. ತಂಗಿಯ ಮದುವೆಗೆ ಬಟ್ಟೆ ತೆಗೆಯಲು ಬಂದಿದ್ದವಳ ಕೈಚೀಲವನ್ನು ಪಕ್ಕದ ಗಲ್ಲಿಯಲ್ಲಿ ಕೆಲವರು ಸುತ್ತುಗಟ್ಟಿ ಕಿತ್ತುಕೊಂಡಿದ್ದರು. ಪಾಲಿಶ್ ಹಾಕಿಸಲು ತಂದಿದ್ದ ತಾಯಿಯ ಬಳೆ, ಸರ ಎಲ್ಲ ಅದರೊಳಗಿತ್ತು. ಎಷ್ಟು ಜನ ಎಂದು ಚಾಚಾ ಕೇಳಿದರೆ ನಾಲ್ಕು ಎಂದಳು. ಚಿನ್ನದ ವಿಷಯ, ತೂಕ ಹಾಕದಿದ್ದರೂ ತೆಗೆದುಕೊಳ್ಳುತ್ತಾರೆ ಎಂದು ನಾಲ್ಕು ಎಂದೇ ಹೊಡೆದುಕೊಟ್ಟರು. ನಾನು ಮೂರು ಪ್ರತಿ ಜೆರಾಕ್ಸ್ ಮಾಡಿದೆ. ಮೂರನೆಯ ದಿನ ಅವಳು ಅದೇ ಕಾಗದ ಹಿಡಿದುಕೊಂಡು ವಾಪಸು ಬಂದಳು. ಠಾಣೆಯಲ್ಲಿ ರಸೀತಿ ಕೂಡ ಕೊಟ್ಟಿರಲಿಲ್ಲ. ಮದುವೆಗೆ ಹದಿನೆಂಟು ದಿನ ಇತ್ತು. ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಚಾಚಾ ಬೆರಳು ಒರೆಸಿಕೊಂಡರು. ಹೊಸ ಹಾಳೆ ಸಿಕ್ಕಿಸಿದರು. ಐದು ಜನ ಎಂದು ಹೊಡೆದರು. ನಾನು ಕೌಂಟರಿನಿಂದ ಬಗ್ಗಿ ಓದುತ್ತಿದ್ದೆ. ನನಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ, ಅದರಲ್ಲೂ ಅವರ ಕಾಗದದಲ್ಲಿ ತಪ್ಪು ಹುಡುಕುವ ಚಟ.

"ಐದನೇವ್ನಿಗೆ ಒಂದು ಗುರುತು ಹಾಕಿ ಚಾಚಾ, ಇಲ್ದಿದ್ರೆ ಸುಳ್ಳು ಅಂತ ಗೊತ್ತಾಗುತ್ತೆ" ಎಂದೆ.

ಅವರು ತಲೆಯೆತ್ತಿ ಯೋಚಿಸಿದರು. ಎದುರಿಗೆ ಅವನು ಮೂಟೆ ಇಳಿಸುತ್ತಿದ್ದ. ನೀಲಿ ಚೌಕಳಿ ಅಂಗಿಯ ತೋಳು ಮೇಲಕ್ಕೆ ಮಡಿಸಿತ್ತು. ಚಾಚಾ ಅವನನ್ನು ನೋಡಲಿಲ್ಲ, ಯೋಚಿಸುತ್ತಾ ಆ ಕಡೆ ಕಣ್ಣಿಟ್ಟಿದ್ದರು ಅಷ್ಟೆ. ಬೆರಳುಗಳು ತಮ್ಮಷ್ಟಕ್ಕೆ ಹೊಡೆದವು: 'ಎಡಗೈಯಲ್ಲಿ ಮೊಣಕೈಯಿಂದ ಕೆಳಗೆ ಸುಟ್ಟ ಗಾಯದ ಹಳೆಯ ಗುರುತು ಉಳ್ಳ, ಸುಮಾರು ಮೂವತ್ತೈದು ವಯಸ್ಸಿನ ಮತ್ತೊಬ್ಬ.' ಓದಿ ಹೇಳಿದಾಗ ಆ ಹೆಂಗಸು, ಐದು ಜನ ಇರಲಿಲ್ಲವಲ್ಲ ಎಂದಳು. ಐದಿದ್ದರೆ ಬೇಗ ಆಗುತ್ತಮ್ಮ ಎಂದು ಚಾಚಾ ಸಮಾಧಾನ ಹೇಳಿದರು. ಅವಳು ಸಹಿ ಹಾಕಿದಳು. ನಾನು ಗುರುತು ಚೆನ್ನಾಗಿದೆ ಎಂದೆ. ದೇವರಾಣೆ, ನಮ್ಮಿಬ್ಬರಲ್ಲಿ ಒಬ್ಬರಿಗೂ ಆ ಕೈ ಯಾರದೆಂದು ಹೊಳೆಯಲಿಲ್ಲ. ಹತ್ತು ನಿಮಿಷದ ಮೇಲೆ ಅದೇ ಕೈ ಬಂದು ವಡೆ ಎತ್ತಿಕೊಂಡು ಹೋಯಿತು.

ಅರ್ಜಿಗೆ ತೂಕ ಬಂತು. ವಾರದೊಳಗೆ ನಾಲ್ವರೂ ಸಿಕ್ಕಿಬಿದ್ದರು, ಒಡವೆಯೂ ಸಿಕ್ಕಿತು. ಆಮೇಲೆ ಸ್ಥಳ ನೋಡಲು ಪೊಲೀಸರು ಆ ಹೆಂಗಸನ್ನು ಕರೆದುಕೊಂಡು ಬಂದರು. ಒಬ್ಬನ ಕೈಯಲ್ಲಿ ಅರ್ಜಿಯ ಪ್ರತಿ ಇತ್ತು, ನನ್ನದೇ ಜೆರಾಕ್ಸು. ಪಕ್ಕದ ಗಲ್ಲಿ ನೋಡಿಕೊಂಡು ನಮ್ಮ ಗಲ್ಲಿಗೆ ತಿರುಗಿದರು. ಎದುರಿಗೆ ಅವನು ಎರಡೂ ಕೈ ಮೇಲೆತ್ತಿ ತಲೆಯ ಮೇಲಿನ ಮೂಟೆ ಹಿಡಿದುಕೊಂಡು ಬರುತ್ತಿದ್ದ. ಪೊಲೀಸನು ಕಾಗದ ನೋಡಿದ, ಕೈ ನೋಡಿದ, ಇವನೇನಾ ಎಂದು ಹೆಂಗಸನ್ನು ಕೇಳಿದ. ಅವಳು ನೆಲ ನೋಡುತ್ತಾ ಇರಬಹುದು ಎಂದಳು. ಅಲ್ಲ ಎಂದರೆ ತಾನು ಸಹಿ ಹಾಕಿದ ಕಾಗದ ಸುಳ್ಳಾಗುತ್ತದೆ, ಒಡವೆ ಇನ್ನೂ ಠಾಣೆಯಲ್ಲಿದೆ, ಮದುವೆಗೆ ಒಂಬತ್ತು ದಿನ ಇದೆ. ಅವಳನ್ನು ಬೈಯಲು ನನಗೆ ಬಾಯಿಲ್ಲ.

ಡಕಾಯಿತಿ ಕೇಸು, ನಡಿಯೋ ಎಂದರು. ಅವನು ಚಾಚಾ ಕಡೆ ನೋಡಿ ನಕ್ಕ. ಚಾಚಾ ಯಾರಿಗೋ ಹೇಳಿ ತಮಾಷೆ ಮಾಡಿಸುತ್ತಿದ್ದಾರೆ ಎಂದುಕೊಂಡಿದ್ದ. ಜೀಪಿನೊಳಗೆ ತಳ್ಳುವವರೆಗೂ ಆ ನಗು ಅವನ ಮುಖದ ಮೇಲಿತ್ತು. ನಾನು ಈಗಲೂ ಕಣ್ಣು ಮುಚ್ಚಿದರೆ ಕಾಣುವುದು ಅದೇ.

ಚಾಚಾ ಮೇಜಿನಿಂದ ಎದ್ದು ಜೀಪಿನ ಹಿಂದೆ ಓಡಿದರು. ಅಷ್ಟು ವಯಸ್ಸಾದವರು ಓಡಿದ್ದನ್ನು ನಾನು ನೋಡಿರಲಿಲ್ಲ. ಠಾಣೆಯಲ್ಲಿ, ಐದನೆಯವನು ಇರಲೇ ಇಲ್ಲ, ನಾನೇ ಬರೆದದ್ದು ಎಂದು ಹೇಳಿದರಂತೆ. ಹಾಗಾದರೆ ಸುಳ್ಳು ದೂರು ಬರೆಸಿದ ಆ ಹೆಂಗಸನ್ನೂ, ಬರೆದ ನಿನ್ನನ್ನೂ ಒಳಗೆ ಹಾಕಬೇಕಾಗುತ್ತದೆ ಎಂದರಂತೆ. ಹಾಕಿ ಎಂದರಂತೆ ಇವರು. ಅವರು ನಕ್ಕು ಟೀ ಕುಡಿಸಿ ಕಳಿಸಿದರಂತೆ. ಅಲ್ಲಿಂದ ಬಾಣಸವಾಡಿಗೆ ಹೋದರು. ಮದುವೆಮನೆಯ ಚಪ್ಪರ ಹಾಕಿತ್ತು. ಹೆಂಗಸು ಬಾಗಿಲನ್ನು ಅರ್ಧ ತೆಗೆದು, ಕೈಮುಗಿದು, ಮತ್ತೆ ಮುಚ್ಚಿದಳು. ಮತ್ತೆ ಎರಡು ಸಲ ಹೋದರು, ಆಮೇಲೆ ಅವಳ ಮನೆಯವರು ಗೇಟಿನಲ್ಲೇ ತಡೆದರು.

ಆವತ್ತಿನಿಂದ ಚಾಚಾ ಬೇರೆಯೇ ಮನುಷ್ಯರಾದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ನಮ್ಮ ಕಡೆ ಹೇಳುತ್ತಾರೆ. ಆಡಿದ ಮಾತು ಗಾಳಿಗಾದರೂ ಹೋಗುತ್ತಮ್ಮ, ಹೊಡೆದ ಅಕ್ಷರ ಎಲ್ಲಿಗೂ ಹೋಗಲ್ಲ ಎಂದು ಅದನ್ನೇ ತಿರುಗಿಸಿ ನನಗೆ ಹೇಳಿದರು. ತೂಕ ಹಾಕುವುದು ನಿಲ್ಲಿಸಿದರು. ಮೂರು ಜನ ಎಂದರೆ ಮೂರೇ ಎಂದು ಹೊಡೆದುಕೊಟ್ಟರು. ಆ ಅರ್ಜಿಗಳು ವಾಪಸು ಬರತೊಡಗಿದವು, ಗಿರಾಕಿಗಳು ಬೇರೆ ಮೇಜು ಹುಡುಕಿಕೊಂಡರು. ವಡೆ ತರಿಸುವುದು ನಿಂತಿತು. ಡಾಕೂ ಎಂಬ ಪದ ಅವರ ಬಾಯಿಂದ ಮತ್ತೆ ಬರಲಿಲ್ಲ. ಮೊಮ್ಮಗಳು ಅವರ ಕನ್ನಡಕ ಎತ್ತಿಕೊಂಡು ಓಡಿದಾಗ ಮನೆಯಲ್ಲಿ ಯಾರೋ ಅಭ್ಯಾಸದಂತೆ ಡಾಕೂ ಎಂದರೆ ಎದ್ದು ಹೊರಗೆ ಹೋಗಿಬಿಟ್ಟರಂತೆ. ಅದನ್ನು ಅವರ ಮಗಳು ಹೇಳಿದಳು.

ಆ ಪದ ಈಗ ಬೇರೆ ಕಡೆ ಓಡಾಡುತ್ತಿತ್ತು. ಮೂಟೆಯವನ ಹೆಂಡತಿ ಒಂದು ದಿನ ಮಗಳ ಕೈಹಿಡಿದುಕೊಂಡು ಚಾಚಾರ ಮೇಜಿನ ಮುಂದೆ ನಿಂತಳು. ಯಾರೋ ಹೇಳಿ, ಅರ್ಜಿ ಬರೆಸಿಕೊಳ್ಳಲು ಇಲ್ಲಿಗೆ ಬಂದಿದ್ದಳು. ಈ ಮನುಷ್ಯನೇ ಬರೆದದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಮಗಳನ್ನು ಡಕಾಯಿತನ ಮಗಳು ಎನ್ನುತ್ತಾರಂತೆ, ಹುಡುಗಿ ಹೋಗುವುದಿಲ್ಲ ಎಂದು ಹಠ ಹಿಡಿದಿದ್ದಾಳಂತೆ, ಹೆಡ್‌ಮಾಸ್ಟರಿಗೆ ಒಂದು ಕಾಗದ ಬರೆದುಕೊಡಿ ಎಂದು ಕೇಳಿದಳು. ಚಾಚಾ ಎಷ್ಟೋ ಹೊತ್ತು ಬೆರಳು ಒರೆಸಿಕೊಂಡರು. ಆಮೇಲೆ ಅವಳ ತಮಿಳಿನಲ್ಲೇ, ಅವನ ಮೇಲೆ ಆ ಮಾತು ಬರೆದವನು ನಾನೇ ತಾಯಿ ಎಂದರು. ಅವಳು ಕೂಗಾಡಲಿಲ್ಲ. ಮಗಳನ್ನು ತನ್ನ ಹಿಂದಕ್ಕೆ ಸರಿಸಿಕೊಂಡಳು. ನಾನು ಅಂಗಡಿಯೊಳಗೆ ಮೆಷಿನ್ನಿನ ಮುಚ್ಚಳ ತೆಗೆದು, ಕಾಗದ ಸಿಕ್ಕಿಕೊಂಡಿದೆ ಎನ್ನುವವಳ ಹಾಗೆ ತಲೆ ಬಗ್ಗಿಸಿ ನಿಂತಿದ್ದೆ.

ಮೂಟೆಯವನಿಗೆ ಉಚಿತ ಕಾನೂನು ನೆರವಿನಿಂದ ಒಬ್ಬಳು ವಕೀಲೆ ಸಿಕ್ಕಿದ್ದಳು. ಚಿಕ್ಕ ಪ್ರಾಯದವಳು, ಚುರುಕು. ಡಕಾಯಿತಿ ಎಂದ ಮೇಲೆ ಜಾಮೀನು ಸಿಗಲಿಲ್ಲ. ಒಂದು ವರ್ಷ ಹೋಯಿತು, ಎರಡನೆಯದೂ ಅರ್ಧ ಆಯಿತು. ಆ ಒಂದು ಗುರುತಿನ ಮೇಲೆ ಇಡೀ ಕೇಸು ನಿಂತಿದೆ, ನೀವು ಬಂದು ಸಾಕ್ಷಿ ಹೇಳಿ ಎಂದು ಅವಳು ಚಾಚಾಗೆ ಹೇಳಿದಳು. ಆದರೆ ಒಬ್ಬರ ಮಾತು ಸಾಲದು, ಬರೆಯುವಾಗ ಪಕ್ಕದಲ್ಲಿ ಇದ್ದವರು ಇನ್ನೊಬ್ಬರು ಬೇಕು ಎಂದೂ ಹೇಳಿದಳು.

ಚಾಚಾ ನನ್ನ ಕೌಂಟರಿಗೆ ಬಂದರು. ಅಷ್ಟು ವರ್ಷದಲ್ಲಿ ಅವರು ನನ್ನಿಂದ ಏನನ್ನೂ ಕೇಳಿದವರಲ್ಲ.

"ನೀವು ಒಬ್ರು ಬಂದು, ಮೊದಲ್ನೇ ಅರ್ಜೀಲಿ ನಾಲ್ಕೇ ಇತ್ತು, ಆಮೇಲೆ ಐದಾಯ್ತು, ನಾನು ನೋಡಿದೀನಿ ಅಂದ್ರೆ ಸಾಕು ಬೇಟಿ" ಎಂದರು.

ಮನೆಯಲ್ಲಿ ಈ ಮಾತು ಆಗಲೇ ಆಗಿತ್ತು. ಬೀದಿಯಲ್ಲಿ ಹೋಗೋ ಮಾರೀನ ಮನೆಗೆ ಕರೀಬೇಡ ಎಂದು ನಮ್ಮ ಯಜಮಾನರು ಹೇಳಿದ್ದರು. ಮಗಳಿಗೆ ಗಂಡು ನೋಡುತ್ತಿದ್ದೆವು. ಅಂಗಡಿಯ ಲೈಸೆನ್ಸು, ದಿನಾ ಜೆರಾಕ್ಸಿಗೆ ಬರುವ ಪೊಲೀಸರು, ಎಲ್ಲ ನನ್ನ ತಲೆಯಲ್ಲಿ ಸಾಲಾಗಿ ನಿಂತವು. ಅದೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಕೋರ್ಟಿನಲ್ಲಿ ನಿಂತರೆ, ಆ ಗುರುತು ಹಾಕಿ ಎಂದವರು ಯಾರು ಎಂದು ಕೇಳುತ್ತಾರೆ.

"ನಂಗೆ ಸರಿಯಾಗಿ ನೆನಪಿಲ್ಲ ಚಾಚಾ" ಎಂದೆ.

ಅವರು ನನ್ನ ಮುಖ ನೋಡಿದರು. ಪರವಾಗಿಲ್ಲ ಎಂದರು. ಕೌಂಟರಿನ ಮೇಲೆ ಬಿದ್ದಿದ್ದ ಯಾರದೋ ಆಧಾರ್ ಪ್ರತಿಯನ್ನು ನೇರ ಮಾಡಿಟ್ಟು ಹೋದರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಒರೆಸಲೂ ಇಲ್ಲ. ಮೇಕೆಯೇ ಬಂದು ಮೊಸರನ್ನು ತನ್ನ ಬಾಯಿಗೆ ಒರೆಸಿಕೊಂಡಿತು, ನಾನು ನೋಡುತ್ತಾ ನಿಂತೆ.

ಕೋರ್ಟಿನಲ್ಲಿ ನಡೆದದ್ದನ್ನು ವಕೀಲೆ ಆಮೇಲೆ ಹೇಳಿದಳು. ಚಾಚಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದರು. ಐದನೆಯವನನ್ನು ತಾವೇ ಹುಟ್ಟಿಸಿದ್ದು ಎಂದು ಸ್ಪಷ್ಟವಾಗಿ ಹೇಳಿದರು. ಗುರುತು ಹೇಗೆ ಬಂತು ಎಂದರೆ, ನನಗೇ ಹೊಳೆಯಿತು ಎಂದರು. ನನ್ನ ಸುದ್ದಿ ಎತ್ತಲಿಲ್ಲ. ಸರ್ಕಾರಿ ವಕೀಲರು ಎದ್ದು, ಹೀಗೆ ಇಲ್ಲದವರನ್ನು ಸೇರಿಸಿ ಎಷ್ಟು ದೂರು ಬರೆದಿದ್ದೀರಿ ಎಂದು ಕೇಳಿದರು. ಬಹಳ ಎಂದರು ಚಾಚಾ. ಅಂದರೆ ಸುಳ್ಳು ಬರೆಯುವುದೇ ನಿಮ್ಮ ಕಸುಬು? ಹೌದು ಎಂದರು. ಹಾಗಾದರೆ ಇವತ್ತು ಹೇಳುತ್ತಿರುವುದೂ ಸುಳ್ಳೇ ಇರಬಹುದಲ್ಲ? ನಿಜ ಹೇಳಲು ಹೋದ ಮನುಷ್ಯ ನಿಜ ಹೇಳಿಯೇ ಸೋತರು.

ಕೊನೆಗೆ, ಅರ್ಜಿಯಲ್ಲಿ ಐದು ಎಂದಿದೆ, ಆ ಐದನೆಯವನು ಮತ್ತೆ ಯಾರು ಎಂದು ಅವರನ್ನು ಕೇಳಿದರಂತೆ. ಚಾಚಾ ಬಲಗೈ ಎತ್ತಿ ನಾಲ್ಕು ಬೆರಳು ತೋರಿಸಿದರು. ಆಮೇಲೆ ಹೆಬ್ಬೆರಳು ಬಿಚ್ಚಿ ತಮ್ಮ ಎದೆಗೆ ಮುಟ್ಟಿಸಿಕೊಂಡರು. ಬಾಯಲ್ಲಿ ಹೇಳಬೇಕು, ಕೈಸನ್ನೆಯನ್ನು ಬರೆದುಕೊಳ್ಳಲು ಬರುವುದಿಲ್ಲ ಎಂದರು ನ್ಯಾಯಾಧೀಶರು. ಚಾಚಾ ಬಾಯಿ ತೆರೆದರು, ಕೆಮ್ಮು ಬಂತು, ಕೆಮ್ಮು ನಿಲ್ಲಲಿಲ್ಲ. ನೀರು ಕುಡಿಸಿ ಇಳಿಸಿದರು. ಅದರಿಂದಾಗಿ ಅವರು ಹೇಳಿದ್ದರಲ್ಲಿ ಅದೊಂದು ಮಾತು ಕಾಗದದ ಮೇಲೆ ಇಲ್ಲ. ಆರೋಪಿಯ ಜಾಗದಲ್ಲಿ ನಿಂತಿದ್ದವನು ಆ ಹೆಬ್ಬೆರಳನ್ನೇ ನೋಡುತ್ತಿದ್ದ ಎಂದು ವಕೀಲೆ ಹೇಳಿದಳು.

ಅಲ್ಲಿಂದ ಎರಡು ತಿಂಗಳಿಗೆ ಹೃದಯ ನಿಂತು ಹೋದರು. ಮೇಜಿನ ಮುಂದೆಯೇ, ಬೆಳಗಿನ ಹತ್ತು ಗಂಟೆಗೆ. ಯಂತ್ರದ ಮುಂದೆ ತಲೆಯಿಟ್ಟು ಕೂತಿದ್ದರು. ನಾನು ಚಾಚಾ ಎಂದು ಎರಡು ಸಲ ಕರೆದೆ. ಮಣ್ಣಿಗೆ ಹೋಗುವಾಗ ಗಲ್ಲಿಯ ಬಾಗಿಲುಗಳೆಲ್ಲ ಅರ್ಧ ಮುಚ್ಚಿದ್ದವು. ಎದುರಿನ ಗೋಡೌನಿನ ಕೂಲಿಯವರು ಮೂಟೆ ಇಳಿಸಿ ತಲೆಯ ಟವೆಲು ತೆಗೆದು ನಿಂತಿದ್ದರು. ಅವರಿಗೆ ಕೋಪ ಇರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಇನ್ನು ಆ ಹಾಳೆ. ಒಂದು ವಾರದ ಮೇಲೆ ಟವೆಲು ತೆಗೆದೆ. ಅದು ಒಂದು ಪ್ರಮಾಣಪತ್ರ. 'ನಾನು, ಶ್ರೀಮತಿ' ಎಂದಿತ್ತು, ಆಮೇಲೆ ಖಾಲಿ ಜಾಗ, ಆಮೇಲೆ 'ಪ್ರಮಾಣ ಮಾಡಿ ಹೇಳುವುದೇನೆಂದರೆ'. ಮೊದಲ ಅರ್ಜಿಯಲ್ಲಿ ನಾಲ್ಕು ಜನ ಎಂದು ಇದ್ದದ್ದನ್ನು ನಾನು ಕಂಡಿದ್ದೇನೆ, ಅದರ ಮೂರು ಪ್ರತಿ ನಾನೇ ಮಾಡಿದ್ದೇನೆ, ಎರಡನೆಯದನ್ನು ನನ್ನ ಕಣ್ಣೆದುರಿಗೆ ಹೊಡೆಯಲಾಯಿತು, ಐದನೆಯವನ ಗುರುತನ್ನು ಬರೆಯುವಾಗ ಸದರಿ ಆರೋಪಿಯು ಎದುರುಗಡೆ ಮೂಟೆ ಇಳಿಸುತ್ತಿದ್ದುದನ್ನು ನೋಡಿದ್ದೇನೆ. ಒಂದು ತಪ್ಪಿಲ್ಲ. ಅವರ ಅದೇ ಅಚ್ಚ ಕನ್ನಡ. ನಾನು ಅವರ ಮುಂದೆ ಬಂದು ಕೂತಿರಲಿಲ್ಲ, ಅದಕ್ಕೆ ನನ್ನ ಹೆಸರು ಹೊಡೆದಿರಲಿಲ್ಲ. ಗುರುತು ಹಾಕಿ ಎಂದವಳು ನಾನು ಎಂದೂ ಎಲ್ಲೂ ಬರೆದಿರಲಿಲ್ಲ. ಆದರೆ ಸಹಿಯ ಜಾಗಕ್ಕೂ ಕೊನೆಯ ವಾಕ್ಯಕ್ಕೂ ನಡುವೆ ಎರಡು ಸಾಲು ಖಾಲಿ ಬಿಟ್ಟಿದ್ದರು. ಅವರು ಹಾಗೆ ಸುಮ್ಮನೆ ಜಾಗ ಬಿಡುವವರೇ ಅಲ್ಲ. ಬಿಟ್ಟ ಜಾಗದಲ್ಲಿ ಯಾರೋ ಏನೋ ಸೇರಿಸಿಬಿಡುತ್ತಾರೆ ಎಂದು ಗೀಟು ಹಾಕಿ ಮುಚ್ಚುತ್ತಿದ್ದವರು.

ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಅಂಗಡಿಯ ಶಟರ್ ಅರ್ಧ ಎಳೆದು, ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ ಬೆರಳು ಒರೆಸಿಕೊಂಡು ಕೂತೆ. ಆ ಯಂತ್ರದಲ್ಲಿ ಅಕ್ಷರ ಎಲ್ಲಿವೆ ಎಂದು ನನಗೆ ಗೊತ್ತಿಲ್ಲ. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ನನ್ನ ಹೆಸರು ಹೊಡೆದೆ. ಖಾಲಿ ಇದ್ದ ಎರಡು ಸಾಲಿನಲ್ಲಿ, ಐದನೆಯವನಿಗೆ ಒಂದು ಗುರುತು ಹಾಕಿರಿ ಎಂದು ಹೇಳಿದವಳು ನಾನೇ ಎಂದು ಹೊಡೆದೆ. ಮುಗಿಸುವುದಕ್ಕೆ ಮಧ್ಯಾಹ್ನವಾಯಿತು. ಒಂದು ಮಗ್ಗುಲು ಖಾಲಿ ಇದೆ ಎಂದು ಎತ್ತಿಟ್ಟಿದ್ದ ಹಳೇ ರದ್ದಿ ಕಾಗದದ ಕಟ್ಟು ಬಿಚ್ಚಿ ಹುಡುಕಿದೆ. ಮೊದಲ ಅರ್ಜಿಯ ಪ್ರತಿ, ಮಸಿ ಸರಿಯಾಗಿ ಹತ್ತದೆ ನಾನು ಎಸೆದದ್ದು, ಸಿಕ್ಕಿತು. 'ನಾಲ್ಕು ಜನ' ಎನ್ನುವ ಜಾಗ ಓದಲು ಬರುತ್ತಿತ್ತು. ಎರಡು ವರ್ಷ ಅದು ನನ್ನ ಕಾಲಿನ ಹತ್ತಿರವೇ ಇತ್ತು.

ವಕೀಲೆ ಎರಡನ್ನೂ ಓದಿದಳು. ಕೇಸು ಕೊನೆಯ ವಾದದವರೆಗೂ ಬಂದುಬಿಟ್ಟಿದೆ, ಇಷ್ಟು ತಡವಾಗಿ ಹೊಸ ಸಾಕ್ಷಿಯನ್ನು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ, ಅರ್ಜಿ ಹಾಕುತ್ತೇನೆ ಎಂದಳು. ಟೈಪು ಮಾಡಿದವರು ಇದ್ದಾಗಲೇ ನೀವು ಬಂದಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದಳು.

ಕೋರ್ಟಿನ ವರಾಂಡದ ಬೆಂಚಿನ ಮೇಲೆ ಮೂಟೆಯವನ ಹೆಂಡತಿ ಕೂತಿದ್ದಳು. ಸೊರಗಿದ್ದಳು. ಪಕ್ಕದಲ್ಲಿ ಊಟದ ಡಬ್ಬಿ ಇತ್ತು, ಅವನನ್ನು ಕರೆತಂದಾಗ ಕೊಡಲು. ವಕೀಲೆ ಅವಳಿಗೆ ಕಾಗದ ತೋರಿಸಿ, ನಾನು ಯಾರು, ಏನು ಹೇಳಲು ಬಂದಿದ್ದೇನೆ ಎಂದು ವಿವರಿಸಿದಳು. ಓದಲು ಬರದಿದ್ದರೂ ಅವಳು ಆ ಕಾಗದವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಚೆನ್ನಾಗಿತ್ತು.

"ಇಷ್ಟು ದಿವ್ಸ ಎಲ್ಲಿ ಇದ್ರಿ ಅಕ್ಕಾ?" ಎಂದಳು.

ನಿಜವಾಗಿಯೂ ಕೇಳಿದಳು. ದೂರದ ಊರಿನಿಂದ ಬಂದ ಯಾರನ್ನೋ ಕೇಳುತ್ತಾರಲ್ಲ, ಹಾಗೆ.

"ಅಲ್ಲೇ ಇದ್ದೆ" ಎಂದೆ. "ಎದುರುಗಡೇನೇ."